ಎರಡು ಕಣಗಳ ಸಂಬಂಧ ವಿಚಾರ

(ಶ್ರೀಮಠದ ಸುವರ್ಣ ಮಹೋತ್ಸವದ ವಿದ್ವದ್ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ವಿಷಯದ ಹೆಸರನ್ನು ಕೇಳಿ ತಮ್ಮಲ್ಲಿ ಅನೇಕರಿಗೆ ಆಶ್ಚರ್ಯವಾಗಿರಬಹುದು. ಅರೆವಾಹಕವೆಂಬ ಪದಾರ್ಥದೊಳಗೆ ಎರಡು ಎಲೆಕ್ಟ್ರಾನ್ ಕಣಗಳನ್ನು ಹಿಡಿದಿಟ್ಟು, ಅವುಗಳ ಸ್ಪಿನ್ ಎಂಬ ಗುಣವನ್ನು ಪರಸ್ಪರ ಸಂಬಂಧಗೊಳಿಸಿ, ಅದರ ಬಲದಿಂದ ಹೊಸ ಬಗೆಯ ಗಣಕಯಂತ್ರವನ್ನು ಕಟ್ಟಲು ವಿಜ್ಞಾನಿಗಳು ಮಾಡುತ್ತಿರುವ ಪ್ರಯತ್ನವೇ ಇಂದಿನ ವಿಷಯ. ನಾನಾದರೋ ಪಾಠಶಾಲೆಯಲ್ಲಿ ತರ್ಕಸಂಗ್ರಹವನ್ನೂ ಸಿದ್ಧಾಂತಶಿಖಾಮಣಿಯನ್ನೂ ಓದಿ ಬೆಳೆದವನು. ಪ್ರಯೋಗಶಾಲೆಯ ಹೊಸ್ತಿಲನ್ನು ತುಳಿದವನಲ್ಲ. ಹೀಗಿದ್ದೂ ಈ ವಿಷಯವನ್ನು ನಾನೇ ಬೇಡಿ ಪಡೆದುದಕ್ಕೆ ಕಾರಣವೊಂದುಂಟು. ನಾನು ಮಾಡಿದ ಒಂದು ತಪ್ಪನ್ನು, ಅದನ್ನು ಮಾಡಿದ ಈ ಮಠದಲ್ಲಿಯೇ ತಿದ್ದಿಕೊಳ್ಳಬೇಕಾಗಿದೆ.

ಕೆಲವು ವರ್ಷಗಳ ಹಿಂದೆ ಶಿವರಾತ್ರಿಯ ಉಪನ್ಯಾಸದಲ್ಲಿ ಲಿಂಗಾಂಗ ಸಾಮರಸ್ಯವನ್ನು ವಿವರಿಸುತ್ತಾ, “ಎರಡು ಕಣಗಳು ಒಂದಾಗಿಬಿಡುತ್ತವೆಂದು ಇಂದಿನ ವಿಜ್ಞಾನಿಗಳೂ ಒಪ್ಪಿದ್ದಾರೆ, ನಮ್ಮ ಶರಣರು ಕಂಡ ಐಕ್ಯಸ್ಥಲವನ್ನೇ ಅವರು ಈಗ ಯಂತ್ರದಲ್ಲಿ ಕಾಣುತ್ತಿದ್ದಾರೆ” ಎಂದು ಹೇಳಿದೆನು. ಸಭೆಯು ಕರತಾಡನ ಮಾಡಿತು, ನನಗೂ ಸಂತೋಷವಾಯಿತು. ಪ್ರಸಾದವಾದ ಮೇಲೆ, ನಮ್ಮ ಮಠದ ವಿದ್ಯಾರ್ಥಿನಿಲಯದಲ್ಲಿಯೇ ಉಂಡು ಓದಿ ಬೆಂಗಳೂರಿಗೆ ಹೋಗಿದ್ದ ಸೊರಬ ತಾಲ್ಲೂಕಿನ ಹುಡುಗನೊಬ್ಬನು ಬಳಿಗೆ ಬಂದು, ನಮಸ್ಕರಿಸಿ, ತಗ್ಗಿದ ದನಿಯಲ್ಲಿ ಕೇಳಿದನು: “ಶಾಸ್ತ್ರಿಗಳೇ, ತಪ್ಪು ತಿಳಿಯಬಾರದು. ಆ ಎರಡು ಕಣಗಳು ಒಂದಾಗುವುದಿಲ್ಲ, ಎರಡಾಗಿಯೇ ಇರುತ್ತವೆ. ಅವುಗಳ ಸಂಬಂಧವನ್ನು ಕಟ್ಟುವುದು ಬಹಳ ಕಷ್ಟ. ಸ್ವಲ್ಪ ಶಾಖ ತಗಲಿದರೂ ಕ್ಷಣದಲ್ಲಿ ಕೆಟ್ಟುಹೋಗುತ್ತದೆ. ಲಿಂಗೈಕ್ಯವೂ ಹಾಗೆ ಶಾಖ ತಗಲಿದರೆ ಕೆಡುವುದೇ?”

ಮಹನೀಯರೇ, ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. “ತಮ್ಮಾ, ನನಗೆ ಗೊತ್ತಿಲ್ಲದುದನ್ನು ಹೇಳಿದೆ, ಕೂತುಕೋ, ಮೊದಲಿನಿಂದ ಹೇಳಿಕೊಡು” ಎಂದೆನು. ಅಂದಿನಿಂದ ಅವನು ಊರಿಗೆ ಬಂದಾಗಲೆಲ್ಲ ಮಠದ ಜಗುಲಿಯ ಮೇಲೆ ಕುಳಿತು ನನಗೆ ಪಾಠ ಹೇಳಿದನು. ಶಿಷ್ಯನಿಂದ ನಾನು ಕಲಿತುದನ್ನು ತಮ್ಮ ಮುಂದೆ ಇಡುತ್ತೇನೆ.

ಮೊದಲು ಸ್ಪಿನ್ ಎಂದರೇನು? 1922ರಲ್ಲಿ ಜರ್ಮನಿಯ ಷ್ಟರ್ನ್, ಗೆರ್ಲಾಖ್ ಎಂಬ ಇಬ್ಬರು ವಿದ್ವಾಂಸರು ಬೆಳ್ಳಿಯ ಪರಮಾಣುಗಳ ಧಾರೆಯನ್ನು ಅಯಸ್ಕಾಂತದ ನಡುವೆ ಹಾಯಿಸಿದಾಗ, ಅದು ಎಲ್ಲ ಕಡೆಗೂ ಹರಡದೆ ಎರಡೇ ಸೀಳಾಗಿ ಒಡೆಯಿತು. 1925ರಲ್ಲಿ ಹಾಲೆಂಡ್ ದೇಶದ ಊಲೆನ್‌ಬೆಕ್, ಗೌಡ್‌ಸ್ಮಿಟ್ ಎಂಬ ತರುಣರು, ಎಲೆಕ್ಟ್ರಾನ್ ಕಣಕ್ಕೆ ಸ್ವಭಾವಸಿದ್ಧವಾದ ಗಿರಕಿಯಂತಹ ಒಂದು ಗುಣವುಂಟೆಂದು ಸೂಚಿಸಿದರು. ಇದೇ ಸ್ಪಿನ್. ಕಣವು ಬುಗುರಿಯಂತೆ ನಿಜವಾಗಿ ಸುತ್ತುತ್ತದೆಂದು ತಿಳಿಯಬಾರದು. ಅದು ಒಂದು ಅತಿಸೂಕ್ಷ್ಮ ಅಯಸ್ಕಾಂತದಂತೆ ನಡೆದುಕೊಳ್ಳುತ್ತದೆಂದು ತಿಳಿದರೆ ಸಾಕು. ಅಳೆದು ನೋಡಿದರೆ ಅದು ಮೇಲ್ಮುಖ, ಕೆಳಮುಖ ಎಂಬ ಎರಡರಲ್ಲೊಂದಾಗಿಯೇ ಕಾಣುವುದು. ಅಳೆಯುವುದಕ್ಕೆ ಮುಂಚೆ ಎರಡೂ ಯಾವುದೋ ಒಂದು ಪ್ರಮಾಣದಲ್ಲಿ ಬೆರೆತ ಅವಸ್ಥೆಯಲ್ಲಿ ಇರಬಹುದು.

ನಮ್ಮ ಮನೆಯ ಮಕ್ಕಳ ಕೈಯಲ್ಲಿರುವ ಮೊಬೈಲ್ ಮೊದಲಾದ ಯಂತ್ರಗಳೆಲ್ಲವೂ ಸೊನ್ನೆ, ಒಂದು ಎಂಬ ಎರಡೇ ಗುರುತುಗಳಿಂದ ಲೆಕ್ಕ ಮಾಡುತ್ತವೆ. ಹೊತ್ತಿಸಿದ ದೀಪ ಒಂದು, ಆರಿದ ದೀಪ ಸೊನ್ನೆ ಎಂದ ಹಾಗೆ. ಸ್ಪಿನ್‌ನ ಮೇಲ್ಮುಖವನ್ನು ಸೊನ್ನೆಯೆಂದೂ ಕೆಳಮುಖವನ್ನು ಒಂದೆಂದೂ ಹಿಡಿದರೆ, ಬೆರೆತ ಅವಸ್ಥೆಯನ್ನೂ ತಾಳಬಲ್ಲ ಹೊಸ ಗುರುತು ದೊರೆಯುವುದು. ಇದಕ್ಕೆ ಕ್ಯೂಬಿಟ್ ಎಂದು ಹೆಸರು. ಅರೆವಾಹಕದ ಚುಕ್ಕೆಯೊಳಗೆ ಒಂದೊಂದೇ ಎಲೆಕ್ಟ್ರಾನನ್ನು ನಿಲ್ಲಿಸಿ ಅದರ ಸ್ಪಿನ್ನನ್ನು ಹೀಗೆ ಬಳಸಬಹುದೆಂಬ ಯೋಜನೆಯನ್ನು 1998ರಲ್ಲಿ ಡೇನಿಯಲ್ ಲಾಸ್, ಡೇವಿಡ್ ಡಿವಿನ್ಸೆಂಜೊ ಎಂಬವರು ಪ್ರಕಟಿಸಿದರು. ಅದೇ ವರ್ಷ ಆಸ್ಟ್ರೇಲಿಯದಲ್ಲಿದ್ದ ಬ್ರೂಸ್ ಕೇನ್ ಎಂಬವರು, ಸಿಲಿಕಾನ್‌ನಲ್ಲಿ ರಂಜಕದ ಪರಮಾಣುಗಳನ್ನು ನೆಟ್ಟು ಇಂಥದನ್ನೇ ಸಾಧಿಸಬಹುದೆಂದು ಬರೆದರು.

ಇಲ್ಲಿ ಒಂದು ಮುಖ್ಯವಾದ ಅಂಶವನ್ನು ಗಮನಿಸಬೇಕು. ಐವತ್ತು ಕ್ಯೂಬಿಟ್‌ಗಳು ಒಂದಕ್ಕೊಂದು ಸಂಬಂಧವಿಲ್ಲದೆ ಬೇರೆಬೇರೆಯಾಗಿ ಕುಳಿತಿದ್ದರೆ, ಅವುಗಳ ಸ್ಥಿತಿಯನ್ನು ವರ್ಣಿಸಲು ಒಂದೊಂದಕ್ಕೆ ಎರಡರಂತೆ ನೂರು ಸಂಖ್ಯೆಗಳು ಸಾಕು. ಸಾಮಾನ್ಯ ಯಂತ್ರವೂ ಅದನ್ನು ಸುಲಭವಾಗಿ ನಿರ್ವಹಿಸುವುದು. ಅವೇ ಐವತ್ತು ಪರಸ್ಪರ ಸಂಬಂಧಗೊಂಡರೆ, ಬೇಕಾಗುವ ಸಂಖ್ಯೆಗಳು ಎರಡನ್ನು ಐವತ್ತು ಬಾರಿ ಗುಣಿಸಿದಷ್ಟು, ಎಂದರೆ ಸಾವಿರದ ನೂರು ಲಕ್ಷ ಕೋಟಿಗೂ ಮಿಗಿಲು. ಆದುದರಿಂದ ಯಂತ್ರದ ಶಕ್ತಿಯು ಕ್ಯೂಬಿಟ್‌ಗಳ ಎಣಿಕೆಯೊಂದರಲ್ಲಿಯೇ ಇಲ್ಲ, ಅವುಗಳ ಸಂಬಂಧದಲ್ಲಿಯೂ ಇದೆ. ಸಂಬಂಧವನ್ನು ಕಟ್ಟಲು ಬಾರದವನಿಗೆ ಸಾವಿರ ಕ್ಯೂಬಿಟ್‌ಗಳಿದ್ದರೂ ಪ್ರಯೋಜನವಿಲ್ಲ.

ಆ ಸಂಬಂಧವನ್ನು ಹೇಗೆ ಕಟ್ಟುವರು? ನಮ್ಮ ಸೀಮೆಯು ಕೆರೆಗಳ ಸೀಮೆ. ಆದುದರಿಂದ ಕೆರೆಯ ದೃಷ್ಟಾಂತವನ್ನೇ ಕೊಡುತ್ತೇನೆ. ಎರಡು ಹೊಂಡಗಳು ಪಕ್ಕಪಕ್ಕದಲ್ಲಿವೆ, ನಡುವೆ ಏರಿಯಿದೆ, ಏರಿಯಲ್ಲಿ ತೂಬಿದೆಯೆಂದು ಭಾವಿಸಿರಿ. ಸಿಲಿಕಾನ್ ಬಿಲ್ಲೆಯ ಮೇಲೆ ಲೋಹದ ಅತಿಸೂಕ್ಷ್ಮ ಪಟ್ಟಿಗಳನ್ನು ಎಳೆದು, ಅವಕ್ಕೆ ವಿದ್ಯುತ್ತಿನ ಒತ್ತಡವನ್ನು ಕೊಟ್ಟರೆ, ಕೆಳಗಡೆ ಇಂತಹ ಕಾಣದ ಹೊಂಡಗಳೂ ಏರಿಯೂ ಉಂಟಾಗುತ್ತವೆ. ಒಂದೊಂದು ಹೊಂಡದಲ್ಲಿ ಒಂದೊಂದು ಎಲೆಕ್ಟ್ರಾನ್ ನಿಲ್ಲುವುದು. ಎರಡು ಹೊಂಡಗಳ ನಡುವಣ ಅಂತರ ಸುಮಾರು ನೂರು ನ್ಯಾನೊಮೀಟರು. ಎಂದರೆ ತಲೆಗೂದಲಿನ ದಪ್ಪದಲ್ಲಿ ಹೆಚ್ಚುಕಡಮೆ ಸಾವಿರದ ಒಂದು ಪಾಲು. ಸೊರಬದ ಗುಡಿಗಾರರು ಗಂಧದ ಕೊರಡಿನಲ್ಲಿ ತೆಗೆಯುವ ನವುರಾದ ಬಳ್ಳಿಯ ಕೆತ್ತನೆಯನ್ನು ತಾವೆಲ್ಲರೂ ನೋಡಿದ್ದೀರಿ. ಅಲ್ಲಿಯ ಒಂದು ಗೆರೆಯ ಅಗಲದಲ್ಲಿ ಇಂತಹ ಹೊಂಡಗಳನ್ನು ಸಾವಿರಗಟ್ಟಲೆ ಸಾಲಾಗಿ ಇಡಬಹುದು.

ನಡುವಣ ಪಟ್ಟಿಯ ವಿದ್ಯುದೊತ್ತಡವನ್ನು ಬದಲಾಯಿಸಿದರೆ ಏರಿಯು ತಗ್ಗುವುದು, ತೂಬು ತೆರೆದಂತಾಗುವುದು. ಆಗ ಎಲೆಕ್ಟ್ರಾನುಗಳು ತಮ್ಮತಮ್ಮ ಹೊಂಡದಲ್ಲಿದ್ದುಕೊಂಡೇ, ಅವುಗಳ ಅಲೆಯ ಅಂಚುಗಳು ಒಂದನ್ನೊಂದು ಮುಟ್ಟುತ್ತವೆ. ಎರಡು ಎಲೆಕ್ಟ್ರಾನುಗಳು ಸರ್ವಾಂಶದಲ್ಲಿಯೂ ಒಂದೇ ಅವಸ್ಥೆಯಲ್ಲಿ ಇರಲಾರವೆಂಬ ನಿಯಮವನ್ನು 1925ರಲ್ಲಿ ಪೌಲಿ ಎಂಬ ವಿದ್ವಾಂಸನು ಕಂಡನು. ಆ ನಿಯಮದ ದೆಸೆಯಿಂದ, ಅಲೆಗಳು ಮುಟ್ಟಿದಾಗ ಸ್ಪಿನ್‌ಗಳು ಜೋಡಿಯಾಗಿ ಎದುರುಬದುರಾಗಿರುವುದಕ್ಕೂ ಒಂದೇ ಮುಖವಾಗಿರುವುದಕ್ಕೂ ಶಕ್ತಿಯಲ್ಲಿ ಭೇದವುಂಟಾಗುವುದು. ಈ ಭೇದದಿಂದ ಹುಟ್ಟುವ ಸಂಬಂಧಕ್ಕೆ ವಿನಿಮಯ ಸಂಬಂಧವೆಂದು ಹೆಸರು. ತೂಬು ತೆರೆದಿರುವಷ್ಟು ಹೊತ್ತು ಎರಡು ಸ್ಪಿನ್‌ಗಳು ತಮ್ಮ ಮುಖಗಳನ್ನು ಅತ್ತಿಂದಿತ್ತ ವಿನಿಮಯ ಮಾಡಿಕೊಳ್ಳುತ್ತಿರುತ್ತವೆ.

ಇಲ್ಲಿಯೇ ಸ್ವಾರಸ್ಯವಿರುವುದು. ಎಡದ್ದು ಮೇಲ್ಮುಖ, ಬಲದ್ದು ಕೆಳಮುಖವಾಗಿ ಆರಂಭಿಸಿದವೆನ್ನೋಣ. ಪೂರ್ಣ ವಿನಿಮಯವಾಗುವಷ್ಟು ಹೊತ್ತು ತೂಬನ್ನು ತೆರೆದಿಟ್ಟರೆ ಎಡದ್ದು ಕೆಳಮುಖ, ಬಲದ್ದು ಮೇಲ್ಮುಖವಾಗುವುದು. ಇದು ಸಂತೆಯಲ್ಲಿ ಇಬ್ಬರು ರೈತರು ಎತ್ತು ಬದಲಾಯಿಸಿಕೊಂಡಂತೆ. ಕೊನೆಗೂ ಅವರವರ ಎತ್ತು ಅವರವರ ಬಳಿ ಬೇರೆಯಾಗಿಯೇ ಇರುವುದು. ಸರಿಯಾಗಿ ಅರ್ಧ ವಿನಿಮಯವಾದಾಗ ತೂಬನ್ನು ಮುಚ್ಚಿಬಿಟ್ಟರೆ ಮಾತ್ರ ಹೊಸದೊಂದು ಸ್ಥಿತಿ ಹುಟ್ಟುವುದು. ಆಗ ಎಡದ್ದಕ್ಕೆ ತನ್ನದೇ ಆದ ಮುಖವಿಲ್ಲ, ಬಲದ್ದಕ್ಕೂ ಇಲ್ಲ. ಆದರೆ ಜೋಡಿಗೆ ಖಚಿತವಾದ ಸ್ಥಿತಿಯುಂಟು. ಎಡದ್ದನ್ನು ಅಳೆದು ಮೇಲ್ಮುಖವೆಂದು ಕಂಡರೆ ಬಲದ್ದು ಕೆಳಮುಖವೆಂದೇ ಕಾಣುವುದು. 2005ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಜೇಸನ್ ಪೆಟ್ಟಾ, ಚಾರ್ಲ್ಸ್ ಮಾರ್ಕಸ್ ಮತ್ತು ಸಂಗಡಿಗರು ಈ ಅರ್ಧ ವಿನಿಮಯವನ್ನು 180 ಪಿಕೊಸೆಕೆಂಡುಗಳಲ್ಲಿ ಮಾಡಿ ತೋರಿಸಿದರು. ಒಂದು ಸೆಕೆಂಡನ್ನು ಲಕ್ಷ ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಪಿಕೊಸೆಕೆಂಡು.

“ಒಂದು ಜೊತೆ ಪಾದರಕ್ಷೆಗಳನ್ನು ಎರಡು ಪೆಟ್ಟಿಗೆಗಳಲ್ಲಿಟ್ಟರೆ, ಒಂದನ್ನು ತೆರೆದು ಎಡಗಾಲಿನದೆಂದು ಕಂಡಾಗ ಇನ್ನೊಂದು ಬಲಗಾಲಿನದೆಂದು ತಿಳಿಯುವುದಿಲ್ಲವೇ? ಇದರಲ್ಲಿ ಹೊಸತೇನು?” ಎಂದು ನಾನೂ ಹುಡುಗನನ್ನು ಕೇಳಿದೆನು. ಪಾದರಕ್ಷೆಯು ಪೆಟ್ಟಿಗೆ ತೆರೆಯುವ ಮುಂಚೆಯೇ ಎಡವೋ ಬಲವೋ ಆಗಿರುವುದು. ಕಣಗಳು ಹಾಗೆ ಮುಂಚಿತವಾಗಿ ನಿಶ್ಚಯಿಸಿದ ಮುಖಗಳನ್ನು ತಮ್ಮೊಡನೆ ಹೊತ್ತು ತಂದಿದ್ದರೆ ಅಳತೆಗಳ ಹೊಂದಾಣಿಕೆ ಒಂದು ಮಿತಿಯನ್ನು ದಾಟಲಾರದು. ಪ್ರಯೋಗದಲ್ಲಿ ಆ ಮಿತಿಯು ದಾಟುವುದು. ಬೆಳಕಿನ ಕಣಗಳಿಂದ ಇದನ್ನು ಪರೀಕ್ಷಿಸಿದ ಆಸ್ಪೆ, ಕ್ಲೌಸರ್, ತ್ಸೈಲಿಂಗರ್ ಎಂಬ ಮೂವರಿಗೆ 2022ರಲ್ಲಿ ನೊಬೆಲ್ ಪಾರಿತೋಷಕವು ಬಂದಿತು. ಆದರೂ ಈ ಸಂಬಂಧವೊಂದರಿಂದಲೇ ಒಂದೆಡೆಯಿಂದ ಇನ್ನೊಂದೆಡೆಗೆ ಸುದ್ದಿಯನ್ನು ಕಳುಹಿಸಲಾಗದು. ಆದುದರಿಂದ ಇದನ್ನು ದೂರಶ್ರವಣದಂತಹ ಸಿದ್ಧಿಯೆಂದು ಯಾರೂ ಹೇಳಬಾರದು.

ನ್ಯಾಯಶಾಸ್ತ್ರವನ್ನು ಓದಿದ ನನಗೆ ಇದನ್ನು ಕೇಳಿದೊಡನೆ ಸಂಯೋಗ, ಸಮವಾಯಗಳ ನೆನಪಾಯಿತು. ಕೈಗೂ ಪುಸ್ತಕಕ್ಕೂ ಇರುವುದು ಸಂಯೋಗ. ನೂಲಿಗೂ ಬಟ್ಟೆಗೂ ಇರುವುದು ಸಮವಾಯ. ಅರ್ಧ ವಿನಿಮಯದ ಜೋಡಿಗೆ ಎರಡೂ ಸರಿಹೊಂದಲಿಲ್ಲ. ಇನ್ನಷ್ಟು ಹುಡುಕಿದಾಗ ವ್ಯಾಸಜ್ಯವೃತ್ತಿ ಧರ್ಮವೆಂಬ ವಿಚಾರ ಕೈಗೆ ಬಂದಿತು. ಎರಡು ಮಾವಿನಹಣ್ಣುಗಳಲ್ಲಿ ಎರಡೆಂಬ ಸಂಖ್ಯೆಯಿದೆ. ಒಂದೊಂದು ಹಣ್ಣನ್ನೇ ಹಿಡಿದು ನೋಡಿದರೆ ‘ಇದು ಎರಡು’ ಎಂದು ಹೇಳಲಾಗುವುದಿಲ್ಲ. ಆ ದ್ವಿತ್ವವು ಎರಡನ್ನೂ ಒಟ್ಟಾಗಿ ಆಶ್ರಯಿಸಿರುವುದು. ಜೋಡಿಸ್ಪಿನ್‌ನ ಸ್ಥಿತಿಯೂ ಹೀಗೆ ಜೋಡಿಯಲ್ಲಿ ಮಾತ್ರ ಇರುವ ಧರ್ಮ. ಇದನ್ನು ಹೇಳಿದಾಗ ಹುಡುಗನು ಬಹಳ ಸಂತೋಷಪಟ್ಟನು. ಆದರೆ ನೈಯಾಯಿಕರು ಕ್ವಾಂಟಂ ಶಾಸ್ತ್ರವನ್ನು ಬಲ್ಲವರಾಗಿದ್ದರೆಂದು ನಾನು ಹೇಳುತ್ತಿಲ್ಲ. ಅವರು ಕಣವನ್ನು ಅಳೆದವರಲ್ಲ. ಅವರು ಬಿಟ್ಟುಹೋದ ವಿಚಾರದ ಉಪಕರಣವು ಹೊಸದನ್ನು ತಿಳಿಯಲು ನನಗೆ ಊರುಗೋಲಾಯಿತು, ಅಷ್ಟೆ. ಹಿಂದಿನ ಶಿವರಾತ್ರಿಯಲ್ಲಿ ನಾನು ಈ ಎರಡರ ಭೇದವನ್ನು ಮರೆತಿದ್ದೆನು.

ಇನ್ನು ಈ ಸಂಬಂಧವು ಏಕೆ ಕೆಡುತ್ತದೆಂಬುದನ್ನು ನೋಡೋಣ. ಬೇಕಾದ ಸಂಬಂಧವನ್ನು ಕಟ್ಟಬೇಕಾದರೆ ಬೇಡವಾದ ಸಂಬಂಧಗಳನ್ನೆಲ್ಲ ದೂರವಿಡಬೇಕು. ಸಾಧಾರಣ ಸಿಲಿಕಾನ್‌ನಲ್ಲಿ ನೂರಕ್ಕೆ ಐದಕ್ಕಿಂತ ಸ್ವಲ್ಪ ಕಡಮೆ ಪರಮಾಣುಗಳು ತಮ್ಮ ಬೀಜದಲ್ಲಿಯೇ ಸ್ಪಿನ್ ಉಳ್ಳವು. ಅವು ಎಲೆಕ್ಟ್ರಾನ್‌ನ ಸ್ಪಿನ್ನನ್ನು ಕದಡುತ್ತವೆ. ಆದುದರಿಂದ ಅವುಗಳನ್ನು ಶೋಧಿಸಿ ತೆಗೆದ ಸಿಲಿಕಾನನ್ನು ಬಳಸುವರು. ಶಾಖವೂ ಕೆಡಿಸುವುದು; ಆದುದರಿಂದ ಸೊನ್ನೆಗಿಂತ 273 ಡಿಗ್ರಿ ಕೆಳಗಿರುವ ಪರಮಶೀತದ ಹತ್ತಿರಕ್ಕೆ ಯಂತ್ರವನ್ನು ತಂಪುಗೊಳಿಸುವರು. 2020ರಲ್ಲಿ ಆಸ್ಟ್ರೇಲಿಯ ಮತ್ತು ಹಾಲೆಂಡಿನ ಎರಡು ತಂಡಗಳು ಆ ಪರಮಶೀತಕ್ಕಿಂತ ಒಂದು ಡಿಗ್ರಿಗೂ ಮೇಲಿನ ಶಾಖದಲ್ಲಿ ಕೆಲಸ ನಡೆಯಬಹುದೆಂದು ತೋರಿಸಿದಾಗ, ಅದೊಂದು ಡಿಗ್ರಿಯೇ ದೊಡ್ಡ ಲಾಭವೆಂದು ಎಣಿಸಲ್ಪಟ್ಟಿತು. ಸುತ್ತಲಿನ ವಿದ್ಯುತ್ ಕದಲಿಕೆಯಿಂದ ಏರಿಯು ಕೂದಲೆಳೆಯಷ್ಟು ಏರಿಳಿದರೂ ಅರ್ಧ ವಿನಿಮಯವು ಅರ್ಧಕ್ಕೆ ನಿಲ್ಲದು. 2022ರಲ್ಲಿ ಹಾಲೆಂಡಿನ ಡೆಲ್ಫ್ಟ್, ಜಪಾನಿನ ರಿಕೆನ್, ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯ ಇವುಗಳ ತಂಡಗಳು ಸಿಲಿಕಾನ್‌ನಲ್ಲಿ ಎರಡು ಕ್ಯೂಬಿಟ್‌ಗಳ ಕ್ರಿಯೆಯನ್ನು ನೂರಕ್ಕೆ ತೊಂಬತ್ತೊಂಬತ್ತಕ್ಕಿಂತ ಹೆಚ್ಚು ನಿಷ್ಕೃಷ್ಟವಾಗಿ ಮಾಡಿದರು. ನಮ್ಮ ಲೆಕ್ಕದಲ್ಲಿ ಇದು ಪೂರ್ಣಾಂಕವೇ ಸರಿ. ಆದರೆ ನೂರಕ್ಕೊಂದು ತಪ್ಪಿನಂತೆ ಸಾವಿರ ಕ್ರಿಯೆಗಳನ್ನು ಸಾಲಾಗಿ ಮಾಡಿದರೆ ಉತ್ತರದಲ್ಲಿ ನಂಬತಕ್ಕದ್ದು ಏನೂ ಉಳಿಯದು. ಆದುದರಿಂದ ಅನೇಕ ಕ್ಯೂಬಿಟ್‌ಗಳನ್ನು ಸೇರಿಸಿ ಒಂದರ ತಪ್ಪನ್ನು ಮತ್ತೊಂದರಿಂದ ಕಂಡುಹಿಡಿದು ತಿದ್ದುವ ಮಾರ್ಗವನ್ನು ಹುಡುಕುತ್ತಿದ್ದಾರೆ.

ಮತ್ತೊಂದು ತೊಡಕು ದೂರದ್ದು. ವಿನಿಮಯ ಸಂಬಂಧವು ನೆರೆಹೊರೆಯವರಿಗೆ ಮಾತ್ರ. ಹೊಂಡಗಳು ಸ್ವಲ್ಪ ದೂರವಾದರೂ ಅದು ಬಹುಬೇಗ ಕ್ಷೀಣಿಸುವುದು. ದೂರದ ಸ್ಪಿನ್‌ಗಳನ್ನು ಕೂಡಿಸಲು ಮಧ್ಯಸ್ಥನೊಬ್ಬನು ಬೇಕು. ಸೂಕ್ಷ್ಮತರಂಗದ ಬೆಳಕಿನ ಕಣವೇ ಆ ಮಧ್ಯಸ್ಥ. 2018ರಲ್ಲಿ ಅಮೆರಿಕದ ಪ್ರಿನ್ಸ್‌ಟನ್, ಡೆಲ್ಫ್ಟ್ ಮತ್ತು ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ತಂಡಗಳು ಸ್ಪಿನ್ನಿಗೂ ಅಂತಹ ಕಣಕ್ಕೂ ಬಲವಾದ ಸಂಬಂಧವನ್ನು ತೋರಿಸಿದರು. ಆಮೇಲೆ 2020ರಲ್ಲಿ ಪ್ರಿನ್ಸ್‌ಟನ್ನಿನಲ್ಲಿ ಕೆಲವು ಮಿಲಿಮೀಟರುಗಳ ದೂರದ, 2022ರಲ್ಲಿ ಡೆಲ್ಫ್ಟ್‌ನಲ್ಲಿ ಕಾಲು ಮಿಲಿಮೀಟರಿನ ದೂರದ ಎರಡು ಸ್ಪಿನ್‌ಗಳನ್ನು ಈ ಮಾರ್ಗದಿಂದ ಸಂಬಂಧಗೊಳಿಸಿದರು. ನೂರು ನ್ಯಾನೊಮೀಟರಿನ ಲೋಕದಲ್ಲಿ ಕಾಲು ಮಿಲಿಮೀಟರೆಂದರೆ ಎರಡೂವರೆ ಸಾವಿರ ಹೊಂಡಗಳನ್ನು ದಾಟಿದ ದೂರ. ಬೆಳಕಿನ ಕಣಕ್ಕೂ ಸ್ಪಿನ್ ಉಂಟೆಂಬುದಕ್ಕೆ ಪ್ರಯೋಗದ ಪ್ರಮಾಣವನ್ನು ಕಲ್ಕತ್ತೆಯಲ್ಲಿ 1931ರಲ್ಲಿಯೇ ಪ್ರಕಟಿಸಿದವರು ನಮ್ಮ ದೇಶದ ಸಿ. ವಿ. ರಾಮನ್ನರೂ ಎಸ್. ಭಗವಂತಂರವರೂ ಎಂಬುದನ್ನು ಇಲ್ಲಿ ಸ್ಮರಿಸಬಹುದು. ರಾಮನ್ನರು 1933ರಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ಮುಖ್ಯಾಧಿಕಾರಿಯಾಗಿ ಬಂದರು.

ಆ ವಿಜ್ಞಾನ ಸಂಸ್ಥೆಯು ಇಂದಿಗೂ ಈ ವಿದ್ಯೆಯ ಒಂದು ಕ್ಷೇತ್ರವಾಗಿದೆ. ಭಾರತ ಸರ್ಕಾರವು 2023ರ ಏಪ್ರಿಲ್ ತಿಂಗಳಲ್ಲಿ ರಾಷ್ಟ್ರೀಯ ಕ್ವಾಂಟಂ ಯೋಜನೆಗೆ 6,003 ಕೋಟಿ ರೂಪಾಯಿಗಳಿಗೂ ಹೆಚ್ಚಿನ ಮೊಬಲಗನ್ನು ಮಂಜೂರು ಮಾಡಿತು; ಅವಧಿಯು 2030-31ರವರೆಗೆ. ಅದರಲ್ಲಿ ಕ್ವಾಂಟಂ ಗಣಕಯಂತ್ರಗಳ ಕೇಂದ್ರವನ್ನು 2024ರಲ್ಲಿ ಬೆಂಗಳೂರಿನ ಈ ಸಂಸ್ಥೆಗೆ ವಹಿಸಿದರು. 2025ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಕ್ಯೂಪಿಐಎಐ ಎಂಬ ಸಂಸ್ಥೆಯು 25 ಕ್ಯೂಬಿಟ್‌ಗಳ ಯಂತ್ರವನ್ನು ಪ್ರಕಟಪಡಿಸಿತು. ಅದು ನಾನು ಹೇಳಿದ ಸ್ಪಿನ್‌ಗಳ ಯಂತ್ರವಲ್ಲ, ತಡೆಯಿಲ್ಲದೆ ವಿದ್ಯುತ್ತು ಹರಿಯುವ ಅತಿವಾಹಕಗಳ ಯಂತ್ರ. ಮಾರ್ಗಗಳು ಹಲವಿವೆ, ಯಾವುದು ಗುರಿಯನ್ನು ಮುಟ್ಟುವುದೆಂಬುದು ಇನ್ನೂ ನಿರ್ಣಯವಾಗಿಲ್ಲ. ಸ್ಪಿನ್ ಮಾರ್ಗದ ಹೆಚ್ಚಳವೇನೆಂದರೆ, ಅದರ ಕ್ಯೂಬಿಟ್ ಬಹಳ ಚಿಕ್ಕದು, ಮತ್ತು ಈಗಿರುವ ಚಿಪ್ ಕಾರ್ಖಾನೆಗಳ ವಿಧಾನದಿಂದಲೇ ಅದನ್ನು ಮಾಡಬಹುದು.

ಶರಣಬಂಧುಗಳೇ, ಇದೆಲ್ಲ ಬೆಂಗಳೂರಿನವರ ಮತ್ತು ವಿದೇಶೀಯರ ಕಾರ್ಯ, ನಮಗೇಕೆ ಎಂದು ಕೇಳಬಹುದು. ಅಲ್ಲಮಪ್ರಭುವಿನ ಬಳ್ಳಿಗಾವೆಯೂ ಅಕ್ಕಮಹಾದೇವಿಯ ಉಡುತಡಿಯೂ ಇರುವ ಸೀಮೆ ನಮ್ಮದು. ಬಳ್ಳಿಗಾವೆಯ ಕೋಡಿಯ ಮಠವನ್ನು ವರ್ಣಿಸುವ 1162ರ ಶಾಸನವು ಅಲ್ಲಿ ವೇದಗಳು, ಹಲವು ವ್ಯಾಕರಣಗಳು, ನ್ಯಾಯ, ವೈಶೇಷಿಕ, ಸಾಂಖ್ಯ, ಬೌದ್ಧ ಮೊದಲಾದ ದರ್ಶನಗಳು ಪಾಠವಾಗುತ್ತಿದ್ದುದನ್ನೂ, ದೀನರಿಗೆ ಅನ್ನ, ರೋಗಿಗಳಿಗೆ ಔಷಧ ದೊರೆಯುತ್ತಿದ್ದುದನ್ನೂ ಹೇಳುವುದು. ಕಾಳಾಮುಖ ಪರಂಪರೆಯ ಆ ಶೈವಮಠವು ತನಗೆ ಒಪ್ಪಿಗೆಯಿಲ್ಲದ ದರ್ಶನವನ್ನೂ ಓದಿಸುತ್ತಿತ್ತು. ತಾಳಗುಂದದ ಸ್ತಂಭಶಾಸನವು ಮಯೂರಶರ್ಮನು ವಿದ್ಯೆಗಾಗಿ ಕಂಚಿಯವರೆಗೆ ಹೋದುದನ್ನು ತಿಳಿಸುವುದು. ವಿದ್ಯೆಯು ಎಲ್ಲಿದ್ದರೂ ಅಲ್ಲಿಗೆ ಹೋಗುವುದು, ಅದನ್ನು ಅದರ ಸ್ವರೂಪದಲ್ಲಿಯೇ ಅರಿಯುವುದು, ಈ ಮಣ್ಣಿನ ಹಳೆಯ ವಾಡಿಕೆ.

ಆದುದರಿಂದ ಹುಡುಗನ ಪ್ರಶ್ನೆಗೆ ಈಗ ನನ್ನ ಉತ್ತರವನ್ನು ಹೇಳುತ್ತೇನೆ. ಸಾಮರಸ್ಯಕ್ಕೆ ಪ್ರಮಾಣವು ಶರಣರ ಅನುಭಾವ. ಸ್ಪಿನ್ ಸಂಬಂಧಕ್ಕೆ ಪ್ರಮಾಣವು ಪ್ರಯೋಗ. ಒಂದರ ಪ್ರಮೇಯವನ್ನು ಇನ್ನೊಂದರ ಪ್ರಮಾಣದಿಂದ ಸಾಧಿಸಹೊರಟರೆ ಎರಡಕ್ಕೂ ಅಪಚಾರವಾಗುವುದು. ನಾಳೆ ವಿಜ್ಞಾನಿಗಳು ತಮ್ಮ ಸಿದ್ಧಾಂತವನ್ನು ತಿದ್ದಿಕೊಂಡರೆ, ಅದಕ್ಕೆ ಗಂಟುಹಾಕಿದ ನಮ್ಮ ತತ್ತ್ವದ ಗತಿಯೇನು? ಶರಣರ ಮಾತಿಗೆ ಯಂತ್ರದ ಸಾಕ್ಷಿ ಬೇಕಾಗಿಲ್ಲ. ಯಂತ್ರವನ್ನು ಕಟ್ಟುವವರಿಗೆ ನಮ್ಮ ಪ್ರಶಂಸಾಪತ್ರವೂ ಬೇಕಾಗಿಲ್ಲ. ಅಂದಿನ ನನ್ನ ಮಾತನ್ನು ಈ ಸಭೆಯ ಸಮಕ್ಷಮದಲ್ಲಿ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಆ ದಿನ ಕೇಳಿ ಮನೆಯಲ್ಲಿ ಮಕ್ಕಳಿಗೆ ಹೇಳಿದವರಿದ್ದರೆ, ದಯವಿಟ್ಟು ಇದನ್ನೂ ಹೇಳಿರಿ.

ಕೊನೆಯದಾಗಿ ಒಂದು ವಿಜ್ಞಾಪನೆ. ಈ ಮಹೋತ್ಸವದ ನೆನಪಿಗೆ ಭಕ್ತರು ಅನೇಕ ಸೇವೆಗಳನ್ನು ಸಂಕಲ್ಪಿಸಿದ್ದೀರಿ. ಅವುಗಳ ಜೊತೆಗೆ ವಿದ್ಯಾರ್ಥಿನಿಲಯಕ್ಕೆ ಗಣಿತ ಮತ್ತು ಭೌತಶಾಸ್ತ್ರಗಳನ್ನು ಸಂಜೆಯ ವೇಳೆ ಹೇಳಿಕೊಡುವ ಒಬ್ಬ ಉಪಾಧ್ಯಾಯರನ್ನೂ, ಆ ಶಾಸ್ತ್ರಗಳ ಪುಸ್ತಕಗಳ ಒಂದು ಕಪಾಟನ್ನೂ ಒದಗಿಸಿಕೊಡಬೇಕೆಂದು ಬೇಡುತ್ತೇನೆ. ನನ್ನನ್ನು ತಿದ್ದಿದ ಹುಡುಗನು ಈ ಮಠದ ದಾಸೋಹದಲ್ಲಿ ಉಂಡವನು. ಆದರೆ ತನಗೆ ಬೇಕಾದ ಗಣಿತವನ್ನು ಇಲ್ಲಿ ಕಲಿಯಲಾರದೆ, ಬೆಂಗಳೂರಿಗೆ ಹೋದ ಮೇಲೆ ಎರಡು ವರ್ಷ ಬಹಳ ಕಷ್ಟಪಟ್ಟನೆಂದು ತಾನೇ ಹೇಳಿದನು. ಅವನ ಹಿಂದೆ ಬರುವ ಶಿಕಾರಿಪುರ ಸೊರಬಗಳ ಮಕ್ಕಳಿಗೆ ಆ ಎರಡು ವರ್ಷಗಳ ಕಷ್ಟವು ತಪ್ಪಲಿ. ಆ ಕಪಾಟಿನ ಮೊದಲನೆಯ ಪುಸ್ತಕದ ಬೆಲೆಯನ್ನು ನನ್ನ ಅಲ್ಪ ಕಾಣಿಕೆಯಾಗಿ ಶ್ರೀಗಳವರ ಸನ್ನಿಧಿಯಲ್ಲಿ ಈಗಲೇ ಒಪ್ಪಿಸುತ್ತಿದ್ದೇನೆ.

ತಿಳಿದವರು ಇದರಲ್ಲಿ ಲೋಪಗಳನ್ನು ಕಂಡರೆ ತಿದ್ದಬೇಕೆಂದು ಪ್ರಾರ್ಥಿಸುತ್ತೇನೆ.